ಶಿರಾಜಿನ ವರ್ತಕನ ಮೊಮ್ಮಗ, ಮೈಸೂರಿನ ದಿವಾನ

ಬೆಂಗಳೂರು ದಂಡಿನಲ್ಲಿ ಕನ್ನಿಂಗ್‌ಹ್ಯಾಮ್ ರಸ್ತೆಯ ಸಮೀಪ ಅಲಿ ಆಸ್ಕರ್ ರಸ್ತೆಯೆಂಬ ಬೀದಿಯೊಂದುಂಟು. ಆ ಹೆಸರು ಯಾರದೆಂದು ವಿಚಾರಿಸುವವರು ವಿರಳ. ವಿಚಾರಿಸಿದರೆ ಪಾರಸೀಕ ದೇಶದ ಶಿರಾಜ್ ನಗರದಿಂದ ತೊಡಗಿ ಮೈಸೂರಿನ ದಿವಾನಗಿರಿಯವರೆಗೆ ಬಂದ ಒಂದು ಮನೆತನದ ಕಥೆ ತೆರೆದುಕೊಳ್ಳುತ್ತದೆ. ಸರ್ ಮಿರ್ಜಾ ಇಸ್ಮಾಯಿಲ್ ಅವರು ಹುಟ್ಟಿದ್ದು ಈ ಮನೆತನದಲ್ಲಿ.

ಆಗಾ ಅಲಿ ಆಸ್ಕರ್ ಕುದುರೆಯ ವರ್ತಕ. 1824ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ಸಹೋದರರೊಡನೆ ಕುದುರೆಗಳ ಹಿಂಡನ್ನು ಹೊಡೆದುಕೊಂಡು ಆತ ಬೆಂಗಳೂರಿಗೆ ಬಂದನೆಂದು ಮನೆತನದ ಹೇಳಿಕೆ. ಆಗತಾನೇ ಬೆಳೆಯುತ್ತಿದ್ದ ದಂಡಿಗೆ ಕುದುರೆಯೂ ಬೇಕಾಗಿತ್ತು, ಮನೆಯೂ ಬೇಕಾಗಿತ್ತು. ಆತ ಎರಡನ್ನೂ ಒದಗಿಸಿದ. ಮುಮ್ಮಡಿ ಕೃಷ್ಣರಾಜ ಒಡೆಯರ ವಿಶ್ವಾಸವನ್ನೂ ಗಳಿಸಿದ. ಕಮಿಷನರ್ ಕಬ್ಬನ್ನರಿಗಾಗಿ ಕಟ್ಟಿ ಮುಂದೆ ರಾಜಭವನವಾದ ಬಂಗಲೆಯೂ ಆತನ ಕೆಲಸವೆಂದು ಪ್ರತೀತಿ. ಆತನ ಮಗ ಆಗಾ ಜಾನ್ ಅರಮನೆಯ ಸೇವೆಗೆ ಸೇರಿದರು. 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಮಿರ್ಜಾ ಜನಿಸಿದರು. ಶಿವಾಜಿನಗರದ ಘೋಷಾ ಆಸ್ಪತ್ರೆಯ ಮೇಲೆ ಹೆಸರುಳ್ಳ ಹಾಜಿ ಸರ್ ಇಸ್ಮಾಯಿಲ್ ಸೇಟ್ ಅವರು ಬೇರೆಯವರು. ಹೆಸರಿನ ಹೋಲಿಕೆಯಿಂದ ವಾಚಕರು ಇಬ್ಬರನ್ನೂ ಒಬ್ಬರೆಂದು ಎಣಿಸಬಾರದು.

ಮಿರ್ಜಾ ಅವರ ರಾಜಕೀಯದ ಬೀಜವಿರುವುದು ಅವರ ವಿದ್ಯಾಭ್ಯಾಸದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಫ್ರೇಜರ್ ಎಂಬ ಆಂಗ್ಲ ಅಧಿಕಾರಿ ಪಾಠ ಹೇಳುತ್ತಿದ್ದಾಗ ಸಹಪಾಠಿಗಳಾಗಿ ಆರಿಸಲ್ಪಟ್ಟ ಕೆಲವೇ ಬಾಲಕರಲ್ಲಿ ಅವರೊಬ್ಬರು. ಸೆಂಟ್ರಲ್ ಕಾಲೇಜಿನಲ್ಲಿ 1905ರಲ್ಲಿ ಪದವಿ ಪಡೆದು ಸಂಸ್ಥಾನದ ಸೇವೆಗೆ ಸೇರಿದರು, ಮಹಾರಾಜರ ಖಾಸಗಿ ಕಾರ್ಯದರ್ಶಿಗಳಾದರು, 1926ರಲ್ಲಿ ದಿವಾನರಾದರು. ಬಾಲ್ಯದ ಸ್ನೇಹ ಹೀಗೆ ರಾಜನಿಷ್ಠೆಯಾಗಿ ಮಾಗಿತು. ದೊರೆಯೊಬ್ಬನು ಸಜ್ಜನನಾಗಿ, ಮಂತ್ರಿಯೊಬ್ಬನು ದಕ್ಷನಾಗಿದ್ದರೆ ಪ್ರಜೆಗೆ ಇನ್ನೇನು ಬೇಕು ಎಂಬ ಭಾವನೆ ಅವರ ಆಡಳಿತದ ಉದ್ದಕ್ಕೂ ಕಾಣುತ್ತದೆ. ಕಣ್ಣೆದುರಿಗೆ ನಾಲ್ವಡಿಯಂಥ ದೊರೆಯಿದ್ದಾಗ ಹಾಗೆ ಭಾವಿಸುವುದು ಕಷ್ಟವೇನೂ ಆಗಿರಲಿಲ್ಲ.

ಒಂದು ವಿಚಿತ್ರವನ್ನು ಇಲ್ಲಿ ಗಮನಿಸಬೇಕು. ಸಂಸ್ಥಾನಕ್ಕೆಲ್ಲ ಅವರು ದಿವಾನರಾದರೂ ಅಜ್ಜ ನೆಲೆಯೂರಿದ ದಂಡಿನಲ್ಲಿ ಅವರ ಅಧಿಕಾರ ನಡೆಯುವಂತಿರಲಿಲ್ಲ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಬ್ರಿಟಿಷರು ದಂಡನ್ನು ತಮ್ಮ ಕೈಯಲ್ಲಿಯೇ ಇರಿಸಿಕೊಂಡಿದ್ದರು. ಹಲಸೂರು ಅವರದು, ಅದರಾಚೆಯ ಹಳ್ಳಿಗಳು ಮೈಸೂರಿನವು. ದಂಡು ಮೈಸೂರಿಗೆ ಮರಳಿದ್ದು 1947ರ ಜುಲೈಯಲ್ಲಿ, ಅವರು ಈ ದಿವಾನಗಿರಿಯನ್ನು ಬಿಟ್ಟು ಆರು ವರ್ಷಗಳಾದ ಮೇಲೆ.

ದಿವಾನರಾಗಿ ಅವರು ಕಟ್ಟಿದ್ದು ಅಲ್ಪವಲ್ಲ. ಮಂಡ್ಯದ ಸಕ್ಕರೆ, ಭದ್ರಾವತಿಯ ಕಾಗದ, ಬೆಂಗಳೂರಿನ ಪಿಂಗಾಣಿ ಮತ್ತು ವಿದ್ಯುದ್ದೀಪಗಳ ಕಾರ್ಖಾನೆಗಳು ಅವರ ಕಾಲದವು. ಕನ್ನಂಬಾಡಿಯ ಬೃಂದಾವನ ಅವರ ಕನಸು; ಬೆಂಗಳೂರಿನ ಪುರಭವನ 1935ರಲ್ಲಿ ತೆರೆದದ್ದೂ ಆಗಲೇ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದಾಗ ಮೈಸೂರು ಸರ್ಕಾರ ಹಲಸೂರಿನ ಪೂರ್ವಕ್ಕೆ ನೆಲವನ್ನು ಕೊಟ್ಟು ಬಂಡವಾಳವನ್ನೂ ಹೂಡಿತು. ಇಂದಿರಾನಗರದ ಒಂದು ಭಾಗವನ್ನು ಜನ ಇಂದಿಗೂ ಎಚ್.ಎ.ಎಲ್. ಎರಡನೆಯ ಹಂತವೆನ್ನುತ್ತಾರೆ. ಆ ಹೆಸರಿನ ಬೇರು ಅಂದಿನ ತೀರ್ಮಾನದಲ್ಲಿದೆ.

ಆದರೆ ಬೀದಿಗೆ ಬೆಳಕು ಕೊಡುವುದು ಬೇರೆ, ಬೀದಿಯ ಜನಕ್ಕೆ ಅಧಿಕಾರ ಕೊಡುವುದು ಬೇರೆ. ಸರ್ ಮಿರ್ಜಾ ಅವರ ಸಂಪ್ರದಾಯನಿಷ್ಠೆ ಎಡವಿದ್ದು ಈ ಎರಡರ ನಡುವಿನ ಹೊಸ್ತಿಲಲ್ಲಿ. 1928ರಲ್ಲಿ ಸುಲ್ತಾನಪೇಟೆಯ ಶಾಲೆಯ ಗಣಪತಿಯ ವಿಷಯವಾಗಿ ಬೆಂಗಳೂರಿನಲ್ಲಿ ಗಲಭೆಯೆದ್ದಾಗ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿ ವಿಚಾರಣೆ ನಡೆಸಿತು. ಅಂದು ಕೇಳಿಬಂದ ಅಸಮಾಧಾನ ಒಂದು ವಿಗ್ರಹಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಆಡಳಿತದಲ್ಲಿ ತಮಗೊಂದು ಮಾತಿರಬೇಕೆಂಬ ಪ್ರಜೆಗಳ ಬಯಕೆ ಅದರೊಳಗಿತ್ತು. ಹತ್ತು ವರ್ಷಗಳ ಅನಂತರ, 1938ರ ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ತ್ರಿವರ್ಣ ಧ್ವಜಕ್ಕಾಗಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿಯೆಂದು ಸರ್ಕಾರ ಹೇಳಿತು. ಮೂವತ್ತಕ್ಕೂ ಮಿಕ್ಕಿದರೆಂದು ಜನ ಹೇಳಿದರು. ಮಾದರಿ ಸಂಸ್ಥಾನವೆಂಬ ಕೀರ್ತಿಗೆ ತಗುಲಿದ ರಕ್ತದ ಕಲೆಯದು.

ಗಾಂಧೀಜಿಯವರ ಸೂಚನೆಯಂತೆ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದರು. ದಿವಾನರು ಹಟ ಹಿಡಿಯದೆ ಒಪ್ಪಂದಕ್ಕೆ ಬಂದರು. ಸಂಸ್ಥಾನದ ಧ್ವಜದ ಜೊತೆಗೆ ರಾಷ್ಟ್ರಧ್ವಜಕ್ಕೂ ಸ್ಥಾನ ದೊರೆಯಿತು. ಜವಾಬ್ದಾರಿ ಸರ್ಕಾರ ಮಾತ್ರ ದೊರೆಯಲಿಲ್ಲ. 1940ರ ಆಗಸ್ಟಿನಲ್ಲಿ ನಾಲ್ವಡಿಯವರು ಕಾಲವಾದರು. ಮರುವರ್ಷ ದಿವಾನರು ರಾಜೀನಾಮೆಯಿತ್ತರು. ಸ್ನೇಹವೇ ಅಡಿಪಾಯವಾಗಿದ್ದ ಅಧಿಕಾರ ಸ್ನೇಹಿತನ ತರುವಾಯ ಹೆಚ್ಚು ದಿನ ನಿಲ್ಲಲಿಲ್ಲ.

ಇಷ್ಟಕ್ಕೇ ನಿಂತರೆ ಅವರಿಗೆ ಅನ್ಯಾಯ ಮಾಡಿದಂತಾದೀತು. ಜಯಪುರದಲ್ಲಿ ಪ್ರಧಾನಿಯಾಗಿ ನಗರವನ್ನು ಹಿಗ್ಗಿಸಿದರು. ಅಲ್ಲಿಯ ಒಂದು ಹೆದ್ದಾರಿಗೆ ಇಂದಿಗೂ ಅವರ ಹೆಸರಿದೆ. 1946ರಲ್ಲಿ ಹೈದರಾಬಾದಿಗೆ ಹೋದರು. ದೇಶವನ್ನು ಮತದ ಆಧಾರದ ಮೇಲೆ ಸೀಳುವುದಕ್ಕೆ ಅವರು ವಿರೋಧಿ; ಭಾರತದೊಡನೆ ಹೊಂದಿಕೊಂಡು ನಡೆಯಬೇಕೆಂಬುದು ಅವರ ನಿಲುವು. ಅಲ್ಲಿಯ ಉಗ್ರವಾದಿಗಳಿಗೆ ಅದು ಹಿಡಿಸಲಿಲ್ಲ. ಒಂದು ವರ್ಷ ತುಂಬುವ ಮೊದಲೇ, 1947ರಲ್ಲಿ, ಅವರು ಪದವಿಯಿಂದಿಳಿದರು. ಹಳೆಯದನ್ನು ಉಳಿಸಬೇಕೆಂಬ ಅವರ ಸ್ವಭಾವವೇ ಮೈಸೂರಿನಲ್ಲಿ ಪ್ರಜಾಧಿಕಾರಕ್ಕೆ ಅಡ್ಡ ನಿಂತಿತು. ಹೈದರಾಬಾದಿನಲ್ಲಿ ಅದೇ ಸ್ವಭಾವ ಒಡಕಿಗೆ ಅಡ್ಡ ನಿಂತಿತು. ಒಂದೇ ಗುಣ ಒಂದೆಡೆ ದೋಷವಾಗಿ, ಇನ್ನೊಂದೆಡೆ ಧೈರ್ಯವಾಗಿ ತೋರುವುದು ಚರಿತ್ರೆಯಲ್ಲಿ ಅಪರೂಪವಲ್ಲ.

1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಅವರು 1959ರ ಜನವರಿ 5ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ತೋಟಗಳನ್ನು ಮೆಚ್ಚುವವರು ವಿದುರಾಶ್ವತ್ಥವನ್ನು ಮರೆಯುವುದುಂಟು. ವಿದುರಾಶ್ವತ್ಥವನ್ನು ನೆನೆಯುವವರು ಕಾರ್ಖಾನೆಗಳನ್ನು ಮರೆಯುವುದುಂಟು. ಎರಡನ್ನೂ ಒಂದೇ ಪುಟದಲ್ಲಿ ಬರೆದಿಡುವುದು ವಿದ್ಯಾರ್ಥಿಗಳ ಧರ್ಮ. ಪ್ರಜೆಗಳಿಗೆ ಹಿತ ಮಾಡಬೇಕೆಂದು ಅವರು ಮನಸಾರೆ ದುಡಿದರು; ತಮಗೆ ಹಿತ ಯಾವುದೆಂದು ಪ್ರಜೆಗಳೇ ಹೇಳಬಲ್ಲರೆಂಬುದನ್ನು ಮಾತ್ರ ಒಪ್ಪಲಾರದೆ ಹೋದರು.