ಶಾಲೆ ನೋಡಲು ಹೊರಟವರು ನಾಡನ್ನೇ ಓದಿದರು

1837ನೇ ಇಸವಿ. ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್, ಶತಮಾನಗಳಿಂದ ಯಾರಿಗೂ ಓದಲು ಬಾರದೆ ಬಂಡೆಗಳ ಮೇಲೆ ಮೂಕವಾಗಿ ಕುಳಿತಿದ್ದ ಬ್ರಾಹ್ಮೀ ಲಿಪಿಯನ್ನು ಓದಿಬಿಟ್ಟರು. ಅದೇ ವರ್ಷ ಜುಲೈ 17ರಂದು ಬೆಂಗಳೂರಿನ ಪಾದ್ರಿಯೊಬ್ಬರ ಮನೆಯಲ್ಲಿ ಗಂಡು ಮಗು ಹುಟ್ಟಿತು. ಐವತ್ತೈದು ವರ್ಷಗಳಾದ ಮೇಲೆ ಆ ಮಗುವೇ ಚಿತ್ರದುರ್ಗ ಸೀಮೆಯ ಬೆಟ್ಟದ ಬುಡದಲ್ಲಿ ನಿಂತು, ಅದೇ ಬ್ರಾಹ್ಮೀ ಅಕ್ಷರಗಳಲ್ಲಿ ಅಶೋಕ ಚಕ್ರವರ್ತಿಯ ಮಾತನ್ನು ಕನ್ನಡ ನೆಲದಲ್ಲಿ ಮೊಟ್ಟಮೊದಲು ಕಂಡಿತು! ಹೀಗೆ ಲಿಪಿಯೂ ಅದನ್ನು ಕಂಡವರೂ ಒಂದೇ ವರ್ಷದಲ್ಲಿ ಬೆಳಕು ಕಂಡದ್ದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಅವರು ಬೆಂಜಮಿನ್ ಲೂಯಿಸ್ ರೈಸ್, ನಾವೆಲ್ಲ ಬಲ್ಲ ಬಿ.ಎಲ್. ರೈಸ್. ಶಾಸನ ಪಿತಾಮಹ ಎಂದು ಅವರನ್ನು ಕೊಂಡಾಡುತ್ತೇವೆ. ಆದರೆ ಅವರು ಸರ್ಕಾರದ ಸಂಬಳಕ್ಕೆ ಸೇರಿದ್ದು ಕಲ್ಲು ಓದುವುದಕ್ಕಲ್ಲ. ಅವರು ಶಾಲೆಯ ಸಾಹೇಬರು. ಊರೂರಿಗೆ ಹೋಗಿ ಮಕ್ಕಳ ಪಾಠ ಕೇಳಿ, ಮಾಸ್ತರರ ಕೆಲಸ ತಪಾಸಣೆ ಮಾಡಿ, ಎಲ್ಲಿ ಹೊಸ ಶಾಲೆ ಬೇಕೆಂದು ಬರೆಯಬೇಕಾದ ವಿದ್ಯಾಧಿಕಾರಿ. ಆ ಕೆಲಸದ ದಾರಿಯಲ್ಲೇ ಅವರು ಕನ್ನಡ ನಾಡಿನ ಇಡೀ ಚರಿತ್ರೆಯನ್ನು ಎದುರುಗೊಂಡರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಜನ ಈ ಕತೆಯನ್ನು ಕಿವಿಗೊಟ್ಟು ಕೇಳಬೇಕು. ಅವರ ಅಧಿಕಾರ ತುಂಗಭದ್ರೆಯನ್ನು ದಾಟಿ ನಮ್ಮತ್ತ ಬರಲಿಲ್ಲ. ಆದರೂ ಅವರು ಉಳಿಸಿಹೋದ ಪುಟಗಳಲ್ಲಿ ನಮ್ಮ ಊರುಗಳ ಹೆಸರು ಚಿನ್ನದಂತೆ ಹೊಳೆಯುತ್ತಿದೆ!

ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ನಿನವರು. ಬೆಂಗಳೂರಿನ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಅವರ ನೆನಪಿನದು. ಮಗ ಬೆಂಗಳೂರಿನಲ್ಲೇ ಹುಟ್ಟಿ ಕನ್ನಡದ ನಡುವೆ ಬೆಳೆದು, ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಬೆಂಗಳೂರಿನ ಹೈಸ್ಕೂಲಿನ ಮುಖ್ಯಸ್ಥರಾಗಿ ಮರಳಿದರು. ಆ ಹೈಸ್ಕೂಲೇ ಮುಂದೆ ಸೆಂಟ್ರಲ್ ಕಾಲೇಜಾಯಿತು. 1865ರಲ್ಲಿ ಅವರು ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್ ಆದರು. ಮುಂದೆ ವಿದ್ಯಾ ಇಲಾಖೆಯ ನಿರ್ದೇಶಕರ ಕುರ್ಚಿಯೂ ಅವರದಾಯಿತು.

ಆಗಿನ ಶಾಲೆಗಳ ಸ್ಥಿತಿ ಊಹಿಸಿಕೊಳ್ಳಿ. ಪಟ್ಟಣಕ್ಕೊಂದು ಸರ್ಕಾರಿ ಶಾಲೆ ಸಿಕ್ಕರೆ ದೊಡ್ಡದು. ಹಳ್ಳಿಯಲ್ಲಿ ಜಗಲಿಯ ಮೇಲೆ, ಗುಡಿಯ ಪೌಳಿಯಲ್ಲಿ ಕೂಲಿಮಠದ ಅಯ್ಯನವರು ಮರಳಿನ ಮೇಲೆ ಅಕ್ಷರ ತೀಡಿಸುತ್ತಿದ್ದರು. ರೈಸ್ ಸಾಹೇಬರು 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ಮುಂದಿಟ್ಟರು. ಹೋಬಳಿಗೊಂದು ಶಾಲೆ ಬೇಕು. ರೈತನ ಮಗನಿಗೆ ಅವನ ಊರಿನ ಹತ್ತಿರವೇ, ಅವನ ಮಾತಿನಲ್ಲೇ ಪಾಠ ಸಿಗಬೇಕು. ಕಲಿಸುವವರಿಗೆ ಮೊದಲು ತರಬೇತಿ ಕೊಡಬೇಕು. ಖರ್ಚಿಗೆ ಸ್ಥಳೀಯ ಕರದ ಹಣದಲ್ಲಿ ಪಾಲು ಬೇಕು. ಇಂದು ಇದೆಲ್ಲ ಎಷ್ಟು ಸಹಜವೆನಿಸುತ್ತದೆ! ಅಂದು ಇದು ಹೊಸ ಲೋಕದ ಕನಸು. 1882ರಲ್ಲಿ ಇಡೀ ಹಿಂದೂಸ್ತಾನದ ಶಿಕ್ಷಣವನ್ನು ಪರಿಶೀಲಿಸಲು ಹಂಟರ್ ಆಯೋಗ ಕುಳಿತಾಗ ಅದರ ಕಾರ್ಯದರ್ಶಿಯಾಗಿ ಆರಿಸಿಕೊಂಡದ್ದು ಇವರನ್ನೇ.

ತಪಾಸಣೆಗೆ ಹಳ್ಳಿಯಿಂದ ಹಳ್ಳಿಗೆ ಹೋಗುವಾಗ ಕಲ್ಲುಗಳು ಕಣ್ಣಿಗೆ ಬೀಳುತ್ತಿದ್ದವು. ಗುಡಿಯ ಬಾಗಿಲಲ್ಲಿ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಅಗಸರು ಬಟ್ಟೆ ಒಗೆಯುವ ಕಟ್ಟೆಯಲ್ಲಿ, ಮೈತುಂಬ ಅಕ್ಷರ ಹೊತ್ತ ಕಲ್ಲುಗಳು! ಊರವರಿಗೆ ಅವು ನಿಧಿಯ ಗುರುತು, ದೆವ್ವದ ಬರಹ. ಕಮಿಷನರ್ ಬೌರಿಂಗ್ ಕಾಲದಲ್ಲಿ ಮೇಜರ್ ಡಿಕ್ಸನ್ ಎಂಬವರು ನೂರಕ್ಕೂ ಹೆಚ್ಚು ಶಾಸನಗಳ ಫೋಟೊ ತೆಗೆದಿದ್ದರು. ಅವುಗಳನ್ನು ಓದಿ ಅರ್ಥ ಬಿಡಿಸುವ ಕೆಲಸ ಶಾಲೆಯ ಸಾಹೇಬರ ಪಾಲಿಗೆ ಬಂತು. ಅದರ ಫಲವೇ 1879ರಲ್ಲಿ ಬಂದ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಪುಸ್ತಕ. ಇದರ ನಡುವೆಯೇ, 1876ರಿಂದ 1878ರೊಳಗೆ, ಮೈಸೂರು ಮತ್ತು ಕೊಡಗಿನ ಗೆಜೆಟಿಯರಿನ ಮೂರು ಸಂಪುಟಗಳೂ ಹೊರಬಂದವು. ಬೆಳೆ, ಮಳೆ, ಜಾತಿ, ಜಾತ್ರೆ, ಮರ, ಮೃಗ ಎಲ್ಲವೂ ಅವುಗಳಲ್ಲಿವೆ. ಒಬ್ಬ ಮನುಷ್ಯನಿಗೆ ದಿನಕ್ಕೆ ಎಷ್ಟು ಗಂಟೆಗಳಿದ್ದವು ಎಂದು ಬೆರಗಾಗುತ್ತದೆ.

ಆ ಬೆರಗು ಇಮ್ಮಡಿಯಾಗುವುದು ‘ಎಪಿಗ್ರಾಫಿಯಾ ಕರ್ನಾಟಿಕಾ’ ಕೈಗೆ ಬಂದಾಗ. 1886ರಲ್ಲಿ ಕೊಡಗಿನ ಸಂಪುಟ, 1889ರಲ್ಲಿ ಶ್ರವಣಬೆಳಗೊಳದ್ದು. ಹಾಗೆ ಬೆಳೆಯುತ್ತ 1905ರ ಹೊತ್ತಿಗೆ ಹನ್ನೆರಡು ಸಂಪುಟಗಳಾದವು. ಒಟ್ಟು ಸುಮಾರು 9000 ಶಾಸನಗಳು! ತಾಲೂಕುವಾರು ಜೋಡಣೆ. ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪಿಯಲ್ಲಿ ಪಾಠ, ಇಂಗ್ಲಿಷ್ ಅನುವಾದ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರತಿ ಶಾಸನದ ತಲೆಯ ಮೇಲಿರುವ ಒಂದು ಸಾಲು: ಯಾವ ಊರು, ಯಾವ ಗುಡಿ, ಬಾಗಿಲ ಯಾವ ಮಗ್ಗುಲು, ಯಾರ ಹೊಲದ ಕಲ್ಲು. ನೂರಿಪ್ಪತ್ತು ವರ್ಷಗಳ ಹಿಂದೆ ಯಾವ ರೈತನ ಹೊಲದಲ್ಲಿ ಕಲ್ಲು ನಿಂತಿತ್ತೋ ಆತನ ಹೆಸರೂ ಚಕ್ರವರ್ತಿಗಳ ಬಿರುದಿನ ಜೊತೆಗೇ ಅಚ್ಚಾಗಿ ಉಳಿದಿದೆ!

ಈ ಪುಟಗಳ ಬೆಲೆ ಎಷ್ಟೆಂದು ಬೆಂಗಳೂರನ್ನು ಕೇಳಿ. ಅಲ್ಲಿ ಕಲ್ಲುಗಳು ನಿಂತಿದ್ದ ಹೊಲಗಳ ಮೇಲೆ ಬಡಾವಣೆಗಳೆದ್ದವು. ರೈಸ್ ಕಂಡಿದ್ದ ಎಷ್ಟೋ ಶಾಸನಗಳು ಇಂದು ಅಲ್ಲಿಲ್ಲ. ಕಲ್ಲು ಹೋದರೂ ಮಾತು ಉಳಿದಿದೆ, ಅದೂ ಅವರ ಸಂಪುಟದಲ್ಲಿ ಮಾತ್ರ. ಉಳಿದಿರುವ ಕಲ್ಲುಗಳನ್ನು ಹುಡುಕಿ ಕಾಪಾಡುತ್ತಿರುವ ಇಂದಿನ ಉತ್ಸಾಹಿಗಳು ಕೈಯಲ್ಲಿ ಹಿಡಿದು ಹೊರಡುವ ನಕ್ಷೆಯೂ 1905ರ ಆ ಬೆಂಗಳೂರು ಸಂಪುಟವೇ.

ಈಗ 1892ಕ್ಕೆ ಬನ್ನಿ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಒಂದಕ್ಕೊಂದು ಹತ್ತಿರದ ಮೂರು ಕಡೆ ಅಶೋಕನ ಶಾಸನಗಳು ಸಿಕ್ಕವು. ಮೌರ್ಯರ ಆಳ್ವಿಕೆ ಇಷ್ಟು ದಕ್ಷಿಣಕ್ಕೆ ಚಾಚಿತ್ತೆಂಬುದಕ್ಕೆ ಕಲ್ಲಿನ ಸಾಕ್ಷಿ ದೊರೆಯಿತು. ಬರೆದವನ ಹೆಸರು ಚಪಡ. ಆತ ತನ್ನ ಕಸುಬನ್ನು ಹೇಳುವ ಒಂದೇ ಒಂದು ಪದವನ್ನು ಖರೋಷ್ಠಿಯಲ್ಲಿ, ದೂರದ ಗಾಂಧಾರ ಸೀಮೆಯ ಲಿಪಿಯಲ್ಲಿ ಕೆತ್ತಿದ್ದಾನೆ. ಗಾಂಧಾರ ಎಲ್ಲಿ, ಮೊಳಕಾಲ್ಮೂರು ಎಲ್ಲಿ! ಶಾಸನ ಏನು ಹೇಳುತ್ತದೆ ಗೊತ್ತೆ? ತಂದೆತಾಯಿಯ ಸೇವೆ ಮಾಡಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು. ವರ್ಷಗಟ್ಟಲೆ ಶಾಲೆಗಳನ್ನು ಸುತ್ತಿದ ಮನುಷ್ಯನಿಗೆ ಬಂಡೆಯೊಂದು ಎರಡು ಸಾವಿರ ವರ್ಷಗಳಿಂದ ಬಚ್ಚಿಟ್ಟುಕೊಂಡಿದ್ದು ಗುರುಶಿಷ್ಯರ ಪಾಠ!

ನಮ್ಮ ಸೀಮೆಯವರು ಇನ್ನೊಂದು ಹೆಜ್ಜೆ ಹತ್ತಿರ ಬನ್ನಿ. ಆ ಬ್ರಹ್ಮಗಿರಿಯ ಆಜ್ಞೆ ಹೊರಟದ್ದು ಸುವರ್ಣಗಿರಿಯಿಂದ. ಅಲ್ಲಿ ಮೌರ್ಯ ರಾಜಕುಮಾರನಿದ್ದ. ಆ ಸುವರ್ಣಗಿರಿ ಎಂದರೆ ಗಂಗಾವತಿ ಸೀಮೆಯ ಕನಕಗಿರಿಯೇ ಎಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಬೇರೆ ಊರುಗಳನ್ನು ತೋರಿಸುವವರೂ ಇದ್ದಾರೆ. ಫಾಲ್ಗುಣದಲ್ಲಿ ಕನಕಾಚಲಪತಿಯ ತೇರೆಳೆಯುವ ಊರು ಅಶೋಕನ ದಕ್ಷಿಣದ ರಾಜಧಾನಿಯ ಚರ್ಚೆಯಲ್ಲಿ ನಿಂತಿದೆಯೆಂದರೆ ಅದೇನು ಸಣ್ಣ ಮಾತೆ?

1931ರಲ್ಲಿ ಕೊಪ್ಪಳದ ಗವಿಮಠದ ಬೆಟ್ಟದ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳು ಪತ್ತೆಯಾದವು. ಮರುವರ್ಷವೇ ಆರ್.ಎಲ್. ಟರ್ನರ್ ಅವುಗಳನ್ನು ಹೈದರಾಬಾದಿನ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ಬ್ರಹ್ಮಗಿರಿಯಲ್ಲಿ ರೈಸ್ ಕಂಡ ಮಾತೇ ನಮ್ಮ ಬೆಟ್ಟದಲ್ಲೂ ಇತ್ತು! ಈ ಸುದ್ದಿ ಕೇಳಲು ಅವರು ಇರಲಿಲ್ಲ. 1927ರ ಜುಲೈ 10ರಂದು ಇಂಗ್ಲೆಂಡಿನ ಹ್ಯಾರೋದಲ್ಲಿ ತೀರಿಕೊಂಡಿದ್ದರು.

ಆದರೆ ಕೊಪ್ಪಳದ ಹಿರಿಮೆ ಅವರ ಪುಟಗಳಲ್ಲಿ ಅದಕ್ಕೂ ಬಹಳ ಮೊದಲೇ ಸೇರಿತ್ತು. ಶ್ರವಣಬೆಳಗೊಳದ ಸಂಪುಟ ತೆರೆಯಿರಿ. 12ನೇ ಶತಮಾನದ ಹೊಯ್ಸಳ ದಂಡನಾಯಕ ಗಂಗರಾಜ ಗಂಗವಾಡಿಯ ಬಸದಿಗಳನ್ನೆಲ್ಲ ಜೀರ್ಣೋದ್ಧಾರ ಮಾಡಿಸಿದ. ಆ ಕೆಲಸವನ್ನು ಹೊಗಳಲು ಶಾಸನಕವಿಗೆ ಒಂದು ಅಳತೆಗೋಲು ಬೇಕಾಯಿತು. ಗಂಗವಾಡಿಯನ್ನು ಕೊಪಣದಂತೆ ಮಾಡಿದ ಎಂದ ಆತ! ಕೊಪಣವೆಂದರೆ ನಮ್ಮ ಕೊಪ್ಪಳ. ಗೊಮ್ಮಟನ ಊರಿನ ಕಲ್ಲು ನಮ್ಮ ಊರನ್ನು ಹಿರಿಮೆಯ ಮಾನದಂಡವಾಗಿ ಹಿಡಿದಿದೆ.

ರೈಸ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಓಲೆಗರಿಗಳಲ್ಲಿ ಹುದುಗಿದ್ದ ಹಳೆಯ ಕಾವ್ಯ, ವ್ಯಾಕರಣಗಳನ್ನು ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದರು. 1884ರಲ್ಲಿ ನಾಗವರ್ಮನ ಕರ್ಣಾಟಕ ಭಾಷಾಭೂಷಣ, 1890ರಲ್ಲಿ ಭಟ್ಟಾಕಳಂಕನ ಶಬ್ದಾನುಶಾಸನ, 1898ರಲ್ಲಿ ಪಂಪಭಾರತ. ಅದೇ 1898ರಲ್ಲಿ, ಅದೇ ಮಾಲೆಯಲ್ಲಿ, ಕೆ.ಬಿ. ಪಾಠಕರ ಸಂಪಾದನೆಯಲ್ಲಿ ಕವಿರಾಜಮಾರ್ಗ ಬಂತು. 9ನೇ ಶತಮಾನದ ಆ ಗ್ರಂಥ ಕನ್ನಡದ ತಿರುಳು ಎಲ್ಲಿದೆಯೆಂದು ನಾಲ್ಕು ಊರುಗಳ ಎಲ್ಲೆ ಕಟ್ಟಿ ಹೇಳುತ್ತದೆ: ಕಿಸುವೊಳಲು, ಪುಲಿಗೆರೆ, ಒಕ್ಕುಂದ, ಮತ್ತು ನಮ್ಮ ಕೊಪಣ. ಆಗ ಕೊಪ್ಪಳ ಮತ್ತು ಯಲಬುರ್ಗಾಗಳು ಹೈದರಾಬಾದಿನ ದಿವಾನ ಮನೆತನವಾದ ಸಾಲಾರ್ ಜಂಗರ ಜಹಗೀರು. ಗಂಗಾವತಿ, ಕುಷ್ಟಗಿಗಳು ನಿಜಾಮರ ನೇರ ಆಳ್ವಿಕೆಯಲ್ಲಿದ್ದವು. ಕಚೇರಿಯ ಭಾಷೆ ಉರ್ದು. ಕನ್ನಡ ಶಾಲೆಗಾಗಿ ಜನ ತಾವೇ ಹೆಣಗಬೇಕಿತ್ತು. ಕುಕನೂರಿನಲ್ಲಿ ವಿದ್ಯಾನಂದ ಗುರುಕುಲ ಹುಟ್ಟಿದ್ದೂ 1922ರಲ್ಲಿ. ಕನ್ನಡದ ತಿರುಳೆನಿಸಿಕೊಂಡ ನೆಲದಲ್ಲಿ ಕನ್ನಡ ಕಲಿಯುವುದೇ ಕಷ್ಟವಾಗಿದ್ದ ಕಾಲಕ್ಕೆ, ಹೊಳೆಯಾಚೆಯ ಶಾಲಾಧಿಕಾರಿಯೊಬ್ಬರು ನಡೆಸಿದ ಮಾಲೆ ನಮ್ಮ ಊರಿನ ಕನ್ನಡದ ಕೀರ್ತಿಯನ್ನು ಅಚ್ಚಿನಲ್ಲಿ ಲೋಕಕ್ಕೆ ಕೊಟ್ಟಿತು!

ಇನ್ನೂ ಒಂದು ಸೋಜಿಗ ಕೇಳಿ. ಮುಂಬಯಿ ಸೀಮೆಯ ಕನ್ನಡ ಜಿಲ್ಲೆಗಳ ಅರಸುಮನೆತನಗಳ ಚರಿತ್ರೆಯನ್ನು 1882ರಲ್ಲಿ ಪುಸ್ತಕವಾಗಿ ಕೊಟ್ಟ ಜೆ.ಎಫ್. ಫ್ಲೀಟ್ ಯಾರು? 1872ರಲ್ಲಿ ಅವರ ಹುದ್ದೆ ದಕ್ಷಿಣ ವಿಭಾಗದ ಎಜುಕೇಶನಲ್ ಇನ್ಸ್‌ಪೆಕ್ಟರ್! ಧಾರವಾಡ, ಬೆಳಗಾವಿಗಳಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರೂ ಅದೇ ಇಲಾಖೆಯವರು. ಕನ್ನಡ ನಾಡು ತನ್ನನ್ನು ತಾನು ಮತ್ತೆ ಗುರುತಿಸಿಕೊಂಡದ್ದರಲ್ಲಿ ಶಾಲೆ ತಪಾಸಣೆಗೆ ಹೊರಟವರ ಪಾಲು ಇಷ್ಟು ದೊಡ್ಡದು. ಕಾರಣ ಸರಳ. ಹಳ್ಳಿಗೆ ಹೋಗಲೇಬೇಕಾದ ಅಧಿಕಾರಿಗಳು ಅವರು. ಹೋದಲ್ಲಿ ಕಣ್ಣು ತೆರೆದಿಟ್ಟುಕೊಂಡರು, ಕಂಡದ್ದನ್ನು ಬರೆದಿಟ್ಟರು.

ರೈಸ್ ನಮ್ಮ ಕಡೆ ಬರಲಿಲ್ಲ, ನಿಜ. ಆದರೆ ಓದಬೇಕಾದ ಕಲ್ಲುಗಳು ನಮ್ಮಲ್ಲಿ ಕಡಿಮೆಯೆ? ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದ ದಂಡನಾಯಕ ಮಹಾದೇವನ ಮಾತು ಅಲ್ಲಿಯ ಶಾಸನದಲ್ಲಿದೆ. ದೇವಾಲಯಗಳ ಚಕ್ರವರ್ತಿ ಎಂದು ಆ ಗುಡಿಯನ್ನು ಕರೆದದ್ದೂ ಅದೇ ಕಲ್ಲು. ಕುಕನೂರಿನ ಕಲ್ಲೇಶ್ವರ, ನವಲಿಂಗ, ಆನೆಗೊಂದಿಯ ಬಂಡೆಗಳು, ಕುಷ್ಟಗಿಯ ಹಳ್ಳಿಗಳ ವೀರಗಲ್ಲುಗಳು! ಕೊಪ್ಪಳದ ಕನ್ನಡ ಶಾಸನಗಳನ್ನು ಸಿ.ಆರ್. ಕೃಷ್ಣಮಾಚಾರ್ಲು 1935ರಲ್ಲಿ ಪುಸ್ತಕವಾಗಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯ ಶಾಸನಗಳಿಗೇ ಒಂದು ಸಂಪುಟ ಮೀಸಲಿಟ್ಟಿದೆ. ರೈಸ್ ಅವರ ಹಳೆಯ ಸಂಪುಟಗಳನ್ನು ಅಂತರ್ಜಾಲದಿಂದ ಮೊಬೈಲಿಗೆ ಇಳಿಸಿಕೊಂಡು ಕಾಸು ಖರ್ಚಿಲ್ಲದೆ ಓದಬಹುದು.

ಹಾಗಾಗಿ ನಮ್ಮ ಜಿಲ್ಲೆಯ ಎಲ್ಲ ತಾಲೂಕುಗಳ ಮಾಸ್ತರರಲ್ಲಿ, ಅಕ್ಕೋರಲ್ಲಿ, ಶಿಕ್ಷಣಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಶಾಲೆ ಇರುವ ಊರಿನ ಶಾಸನ ಯಾವುದೆಂದು ಕನ್ನಡ ವಿಶ್ವವಿದ್ಯಾಲಯದ ಆ ಜಿಲ್ಲಾ ಸಂಪುಟದಲ್ಲಿ ಹುಡುಕಿ. ಅದರ ಪಾಠವನ್ನು ದೊಡ್ಡಕ್ಷರದಲ್ಲಿ ಬರೆಸಿ ಶಾಲೆಯ ಗೋಡೆಗೆ ಹಾಕಿ. ಮಕ್ಕಳನ್ನು ಕಲ್ಲಿನ ಮುಂದೆ ಕರೆದೊಯ್ದು ಒಂದೊಂದೇ ಅಕ್ಷರ ತೋರಿಸಿ. ಸುಣ್ಣ, ಪೇಂಟು, ಎಣ್ಣೆ ಬಳಿಯದಂತೆ ಊರವರಿಗೆ ತಿಳಿಹೇಳಿ. ಸಂಪುಟದಲ್ಲಿಲ್ಲದ ಕಲ್ಲು ಕಂಡರೆ ಫೋಟೊ ತೆಗೆದು ಪುರಾತತ್ವ ಇಲಾಖೆಗೋ ಹಂಪಿಯ ವಿಶ್ವವಿದ್ಯಾಲಯಕ್ಕೋ ತಿಳಿಸಿ. ಶಾಲೆಯ ಕಪಾಟಿನ ಮೂಲೆಯಲ್ಲಿರುವ ಹಳೆಯ ದಾಖಲಾತಿ ಪುಸ್ತಕಗಳನ್ನೂ ರದ್ದಿಗೆ ಹಾಕಬೇಡಿ. ಅವು ಉರ್ದುವಿನಲ್ಲಿದ್ದರಂತೂ ಓದಬಲ್ಲವರನ್ನು ಕರೆಸಿ ಈಗಲೇ ಓದಿಸಿಕೊಳ್ಳಿ. ಬೆಂಗಳೂರಿನಲ್ಲಿ ಕಲ್ಲು ಕಳೆದುಹೋದರೂ ರೈಸ್ ಬರೆದಿಟ್ಟ ಪುಟವಿತ್ತು. ನಮ್ಮ ಊರಿನ ಕಲ್ಲಿಗೆ ಆ ಪುಟವನ್ನು ನಾವೇ ಬರೆಯಬೇಕು.