ಇಂಗುಗುಂಡಿಗೆ ಹಣವಿದೆ, ಹೂಳಿಗೆ ಯಾರಿದ್ದಾರೆ?

ಭೀಮರಾಯನಗುಡಿಯ ಹೆಸರು ಯಾದಗಿರಿ ಜಿಲ್ಲೆಯಲ್ಲಿ ಕಾಲುವೆಯ ನೀರಿನೊಂದಿಗೇ ಬೆಸೆದುಕೊಂಡಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಿರುವ ಈ ಊರಿನ ಆಸುಪಾಸಿನಲ್ಲಿ ನಾರಾಯಣಪುರ ಜಲಾಶಯದ ನೀರು ಹರಿದಲ್ಲೆಲ್ಲ ಭತ್ತದ ಗದ್ದೆಗಳು ಹರಡಿವೆ. ಆದರೆ ಕಾಲುವೆಯ ನೀರು ಏರಲಾರದ ಹೊಲಗಳಿಗೂ, ಶಹಾಪುರ, ಸುರಪುರಗಳ ಕಲ್ಲುಗುಡ್ಡಗಳ ಬುಡದ ಜಮೀನಿಗೂ ಮಳೆ ಮತ್ತು ಬೋರ್‌ವೆಲ್ ಬಿಟ್ಟರೆ ಬೇರೆ ಗತಿಯಿಲ್ಲ. ಅಲ್ಲಿ ನೆಲದಡಿ ಇರುವುದು ಗಟ್ಟಿ ಗ್ರಾನೈಟ್ ಜಾತಿಯ ಶಿಲೆಯಾದ್ದರಿಂದ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ.

ಹರಿದುಹೋಗುವ ಮಳೆನೀರನ್ನು ತಡೆದು ಈ ಬಿರುಕುಗಳಿಗೆ ಇಳಿಸುವುದೇ ಅಂತರ್ಜಲ ಮರುಪೂರಣ. ಒಂದು ಎಕರೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರಾಗುತ್ತದೆ. ಅದರಲ್ಲಿ ಹಳ್ಳ ಸೇರುವ ಪಾಲನ್ನಷ್ಟೇ ಹಿಡಿದರೂ ಸಣ್ಣ ಲಾಭವಲ್ಲ. ಹುಬ್ಬಳ್ಳಿಯ ಸಂಕಲ್ಪ ಗ್ರಾಮೀಣಾಭಿವೃದ್ಧಿ ಸಂಸ್ಥೆ ಬೋರ್‌ವೆಲ್ ಮರುಪೂರಣವನ್ನು ಉತ್ತರ ಕರ್ನಾಟಕದ ರೈತರಿಗೆ ಪರಿಚಯಿಸಿದರೆ, ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ‘ನಮ್ಮೂರು ನಮ್ಮ ಕೆರೆ’ ಹೆಸರಿನಲ್ಲಿ ಕೆರೆಗಳ ಹೂಳೆತ್ತಿಸುತ್ತಿದೆ. ಇಂಥ ಕೆಲಸಗಳಿಗೆ ಖಾಸಗಿ ಹಣ ಹರಿಯಲು 2013ರ ಕಂಪನಿ ಕಾಯ್ದೆಯೂ ದಾರಿ ಮಾಡಿತು: ನಿಗದಿತ ಮಿತಿ ಮೀರಿದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ವೆಚ್ಚ ಮಾಡಬೇಕು.

ಬೋರ್‌ವೆಲ್ಲಿನ ಸುತ್ತ ಆಳವಾದ ಗುಂಡಿ ತೋಡಿ, ಕೇಸಿಂಗ್ ಪೈಪಿಗೆ ಸಣ್ಣ ತೂತುಗಳನ್ನು ಕೊರೆದು, ಅದಕ್ಕೆ ಜಾಲರಿ ಸುತ್ತಿ, ತಳದಿಂದ ದಪ್ಪ ಕಲ್ಲು, ಜಲ್ಲಿ, ಮರಳು ತುಂಬುತ್ತಾರೆ. ಇಲ್ಲಿಗೆ ಫೋಟೊ ತೆಗೆದು, ಫಲಕ ನೆಟ್ಟು, ಲೆಕ್ಕ ಮುಗಿಸುವುದು ಸುಲಭ. ಎರೆಭೂಮಿಯಿಂದ ಬರುವ ನೀರು ಮಾತ್ರ ಹಿಟ್ಟಿನಂಥ ನಯವಾದ ಮಣ್ಣನ್ನು ಹೊತ್ತು ತರುತ್ತದೆ; ನಾಲ್ಕಾರು ಮಳೆಗಳಲ್ಲಿ ಮರಳಿನ ಮೇಲೆ ಕೆಸರಿನ ತೆಳುಪೊರೆ ಕಟ್ಟಿಕೊಂಡು, ಒಣಗಿದಾಗ ಹಪ್ಪಳದಂತೆ ಎದ್ದು, ಮತ್ತೆ ನೆನೆದಾಗ ಗುಂಡಿಯ ಬಾಯಿ ಮುಚ್ಚುತ್ತದೆ. ಕೀಟನಾಶಕ ಬೆರೆತ ನೀರನ್ನು ಸೋಸದೆ ಬಿಟ್ಟರಂತೂ ವಿಷವನ್ನೇ ನೆಲದೊಳಗೆ ಕೂಡಿಟ್ಟಂತೆ.

ಹಿಂದಿನವರು ಈ ವಿಷಯದಲ್ಲಿ ಹೆಚ್ಚು ವ್ಯವಹಾರಸ್ಥರಾಗಿದ್ದರೆನ್ನಬೇಕು. ಕೆರೆ ಕಟ್ಟಿದವನಿಗೂ ಕಾಯುವವನಿಗೂ ಭೂಮಿಯನ್ನು ಬಿಟ್ಟುಕೊಡುವ ಕಟ್ಟುಕೊಡಗೆ, ಕೆರೆಯ ಆರೈಕೆಗೆಂದೇ ಇದ್ದ ಬಿತ್ತುವಟ್ಟ ಮುಂತಾದವುಗಳನ್ನು ಕನ್ನಡ ಶಾಸನಗಳು ಹೇಳುತ್ತವೆ. ಅಂದರೆ ದಾನದ ಜೊತೆಗೇ ದುರಸ್ತಿಯ ಖರ್ಚೂ ಗೊತ್ತಾಗಿರುತ್ತಿತ್ತು. ಇಂದಿನ ದಾನಿ ಗುಂಡಿಗೆ ಹಣ ಕೊಡುತ್ತಾನೆ, ಸಲಿಕೆ ಹಿಡಿಯುವವನಿಗೆ ಕೊಡುವುದಿಲ್ಲ. ಇದಲ್ಲದೆ, ಇಂಗಿದ ನೀರು ಬದುವಿನ ಗೆರೆ ನೋಡಿ ನಿಲ್ಲುವುದಿಲ್ಲ. ಒಬ್ಬನ ಹೊಲದಲ್ಲಿ ಇಳಿದದ್ದನ್ನು ಪಕ್ಕದ ಹೊಲದವನು ಪಂಪ್ ಹಾಕಿ ಎತ್ತಬಹುದು. ಆದ್ದರಿಂದ ದಾನಿಗಳ ಜೊತೆ ಒಪ್ಪಂದಕ್ಕೆ ಕೂರುವ ಊರಿನವರು ಕನಿಷ್ಠ 5 ವರ್ಷಗಳ ನಿರ್ವಹಣೆಯ ಹಣವನ್ನು ಮೊದಲೇ ಬರೆಸಿಕೊಳ್ಳಬೇಕು, ಮತ್ತು ಪ್ರತಿ ವರ್ಷ ಮಿರಗದ ಮಳೆಗೆ ಮುಂಚೆ ಮೇಲಿನ ಮರಳನ್ನು ಕೆರೆದು ತೆಗೆದು ತೊಳೆದು ಹಾಕಬೇಕು.