ಅಂಕೆಯೊಳಗಿನ ಅಕ್ಷರ

ಆಡಿದ ಮಾತನ್ನು ಅಳಿಯದಂತೆ ಉಳಿಸಿಕೊಳ್ಳಲು ಮಾನವನು ಕಂಡುಕೊಂಡ ಸಾಧನವೇ ಬರಹ. ಕಲ್ಲು, ತಾಳೆಗರಿ, ಕಾಗದಗಳ ಮೇಲೆ ಬರೆದುದನ್ನು ಆ ಲಿಪಿಯನ್ನು ಬಲ್ಲ ಯಾರಾದರೂ ಓದಬಹುದು. ಆದರೆ ಗಣಕಯಂತ್ರದಲ್ಲಿ ಬರೆದಿಟ್ಟುದನ್ನು ಓದಲು ಲಿಪಿಜ್ಞಾನವೊಂದೇ ಸಾಲದು.

ಒಂದು ನಿದರ್ಶನವನ್ನು ನೋಡಬಹುದು. ಬೆಂಗಳೂರಿನ ವಿಜಯನಗರದ ಬಳಿಯ ಆರ್‌ಪಿಸಿ ಲೇಔಟಿನಲ್ಲಿ ನೆಲೆಸಿರುವ ನಿವೃತ್ತ ಉಪಾಧ್ಯಾಯರೊಬ್ಬರು, ತಮ್ಮ ತಾಯಿ ಹಾಡುತ್ತಿದ್ದ ಸೋಬಾನೆ ಪದಗಳನ್ನು 2003ರಲ್ಲಿ ಗಣಕದ ಕಡತವೊಂದರಲ್ಲಿ ಬೆರಳಚ್ಚು ಮಾಡಿಸಿಟ್ಟಿದ್ದರೆಂದು ಭಾವಿಸೋಣ. ಹಾಡಿದ ತಾಯಿ ಈಗಿಲ್ಲ. ಹಾಡುಗಳ ಬೇರೆ ಪ್ರತಿಯೂ ಇಲ್ಲ. ಇಂದು ಅವರ ಮೊಮ್ಮಗಳು ಆ ಕಡತವನ್ನು ತೆರೆದರೆ, ಪರದೆಯ ಮೇಲೆ ಕನ್ನಡದ ಒಂದಕ್ಷರವೂ ಕಾಣುವುದಿಲ್ಲ. ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ತುಂಬಿರುತ್ತವೆ. ಹಾಡುಗಳು ನಾಶವಾದುವೇ? ಇಲ್ಲ, ಅವುಗಳನ್ನು ಓದುವ ಕೀಲಿಕೈ ಮಾತ್ರ ಬೇರೆಯಾಗಿದೆ.

ಗಣಕವು ಅಕ್ಷರಗಳನ್ನು ಅರಿಯದು. ಅದು ಅರಿತಿರುವುದು ಅಂಕೆಗಳನ್ನು ಮಾತ್ರ. ಯಾವ ಅಕ್ಷರಕ್ಕೆ ಯಾವ ಅಂಕೆ ಎಂಬ ಒಪ್ಪಂದಕ್ಕೆ ಸಂಕೇತ ಪದ್ಧತಿ ಎಂದು ಹೆಸರು. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ಆಸ್ಕಿ’ ಪದ್ಧತಿಯಲ್ಲಿ 128 ಸ್ಥಾನಗಳಿದ್ದುವು. ಮುಂದೆ ಬಂದ 256 ಸ್ಥಾನಗಳ ಪದ್ಧತಿಗಳಲ್ಲಿ ಯೂರೋಪಿನ ಇತರ ಭಾಷೆಗಳ ಅಕ್ಷರಗಳೂ ಸೇರಿದುವು. ಅಲ್ಲಿಯೂ ಕನ್ನಡಕ್ಕೆ ಎಡೆ ದೊರೆಯಲಿಲ್ಲ.

ಆಗ ಕನ್ನಡ ತಂತ್ರಜ್ಞರು ಒಂದು ಉಪಾಯವನ್ನು ಹೂಡಿದರು. ಪರರಿಗೆ ಮೀಸಲಾದ ಆ ಸ್ಥಾನಗಳಲ್ಲಿಯೇ ಕನ್ನಡದ ಆಕಾರಗಳನ್ನು ಚಿತ್ರಿಸಿದ ಫಾಂಟುಗಳನ್ನು ರಚಿಸಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ‘ಕ’ ಎಂಬುದು 80 ಮತ್ತು 192 ಎಂಬ ಎರಡು ಅಂಕೆಗಳಿಂದ ಮೂಡುತ್ತದೆ. ಆ ಫಾಂಟು ಇಲ್ಲದೆಡೆ 80 ಎಂದರೆ ಇಂಗ್ಲಿಷಿನ ದೊಡ್ಡ ‘ಪಿ’ ಅಕ್ಷರ! ಈ ಉಪಾಯದಿಂದ ಕನ್ನಡದ ಕೆಲಸ ಸಾಗಿತು; ಆದರೆ ಬರಹವು ಫಾಂಟಿಗೆ ಅಧೀನವಾಯಿತು.

ಜಗತ್ತಿನ ಲಿಪಿಗಳೆಲ್ಲಕ್ಕೂ ಪ್ರತ್ಯೇಕ ಸ್ಥಾನ ನೀಡುವ ‘ಯೂನಿಕೋಡ್’ 1991ರಲ್ಲಿ ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದುವು. ‘ಕ’ದ ಸಂಖ್ಯೆ 3221, ಅದು ಬೇರಾವ ಅಕ್ಷರಕ್ಕೂ ಸಲ್ಲದು. ಆದರೆ ಒತ್ತಕ್ಷರಗಳನ್ನು ಕೂಡಿಸಿ ತೋರಿಸುವ ಶಕ್ತಿ ಸಾಮಾನ್ಯ ಗಣಕಗಳಿಗೆ ತಡವಾಗಿ ಬಂದಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟು ಸೇರಿತ್ತು. ಯೂನಿಕೋಡಿನ ಸಂಖ್ಯೆಗಳನ್ನು ಕಡತದಲ್ಲಿ ಬರೆದಿಡುವ ‘ಯುಟಿಎಫ್-8’ ಎಂಬ ಕ್ರಮವನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ್ದರು. ಇದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು; ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ‘ಕನ್ನಡ’ ಎಂಬ ಪದದಲ್ಲಿ ಕ, ನ, ಒತ್ತನ್ನು ಸೂಚಿಸುವ ಚಿಹ್ನೆ, ನ, ಡ ಎಂಬ ಐದು ಸಂಕೇತಗಳಿದ್ದು, ಒಟ್ಟು 15 ಬೈಟುಗಳಾಗುತ್ತವೆ.

ಆದುದರಿಂದ ಪಠ್ಯವನ್ನು ಬರೆದು ತಿದ್ದುವ ‘ಎಡಿಟರ್’ ತಂತ್ರಾಂಶವನ್ನು ಅಣಿಗೊಳಿಸುವಾಗ ಮೂರು ಅಂಶಗಳನ್ನು ಗಮನಿಸಬೇಕು: ಕಡತವನ್ನು ಯಾವ ಪದ್ಧತಿಯಲ್ಲಿ ಓದಬೇಕು, ಯಾವ ಪದ್ಧತಿಯಲ್ಲಿ ಉಳಿಸಬೇಕು, ಯಾವ ಫಾಂಟಿನಲ್ಲಿ ತೋರಿಸಬೇಕು. ಹೊಸ ಬರಹಕ್ಕೆ ಓದಲೂ ಉಳಿಸಲೂ ಯುಟಿಎಫ್-8ನ್ನೇ ಆರಿಸುವುದು ಲೇಸು. ಹಳೆಯ ‘ನುಡಿ’ ಕಡತಕ್ಕೆ ಇಷ್ಟೇ ಸಾಲದು. ಅದರ ಅಂಕೆಗಳನ್ನೇ ಯೂನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶ ಬೇಕು. ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಯೂನಿಕೋಡ್ ಕನ್ನಡ ಬರಹವನ್ನು ಕನ್ನಡಕ್ಕೆ ಸ್ಥಾನವಿಲ್ಲದ ಪದ್ಧತಿಯಲ್ಲಿ ಉಳಿಸಿದರೆ, ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕುಳಿತುಬಿಡುತ್ತವೆ. ಮೂಲ ಅಂಕೆಗಳು ಅಳಿದ ಮೇಲೆ ಆ ಕಡತದಿಂದ ಬರಹವನ್ನು ಮರಳಿ ಪಡೆಯಲಾಗದು.

ಮೊಮ್ಮಗಳು ಮಾಡಬೇಕಾದ ಮೊದಲ ಕೆಲಸ, ಮೂಲ ಕಡತವನ್ನು ಮುಟ್ಟದೆ ಅದರ ಪ್ರತಿಯೊಂದನ್ನು ಮಾಡಿಕೊಳ್ಳುವುದು. ಅನಂತರ ಆ ಪ್ರತಿಯನ್ನು ಪರಿವರ್ತಿಸಿ, ಯುಟಿಎಫ್-8ರಲ್ಲಿ ಉಳಿಸಿ, ತಾತನ ಮುಂದೆ ಓದಬೇಕು. ಒತ್ತು, ದೀರ್ಘಗಳು ಎಲ್ಲಿ ತಪ್ಪಿವೆಯೆಂಬುದನ್ನು ಯಂತ್ರ ಹೇಳಲಾರದು. ಆ ಹಾಡನ್ನು ಕೇಳಿದ್ದ ಕಿವಿ ಹೇಳಬಲ್ಲದು. ಬರೆಯುವುದನ್ನು ಕಲಿತಂತೆಯೇ, ಬರೆದುದು ಮುಂದಿನವರಿಗೂ ಓದಲು ದೊರೆಯುವಂತೆ ಕಾಯ್ದಿಡುವುದನ್ನೂ ಕಲಿಯುವುದು ಇಂದಿನ ಅಕ್ಷರಸ್ಥರ ಕರ್ತವ್ಯವಾಗಿದೆ.